ಕಡಲೆದುರಿನ ಭೋಜನಶಾಲೆ

ಕಳೆದ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿಗಳೊಡನೆ ಮುಂಬಯಿ ಪ್ರವಾಸ ಹೋಗಿದ್ದೆವು. ಅಪೊಲೊ ಬಂದರಿನಲ್ಲಿ ಎಲ್ಲರೂ ಗೇಟ್‌ವೇ ಆಫ್ ಇಂಡಿಯಾಕ್ಕೆ ಬೆನ್ನು ಮಾಡಿ ನಿಂತು ತಾಜಮಹಲ್ ಹೋಟೆಲಿನ ಗುಮ್ಮಟವನ್ನು ನೋಡುತ್ತಿದ್ದರು. ಬಿ.ಎ. ಎರಡನೆಯ ವರ್ಷದ ಹುಡುಗಿಯೊಬ್ಬಳು, "ಸರ್, ಇದರೊಳಗೆ ನಮ್ಮಂಥವರನ್ನು ಬಿಡುತ್ತಾರೆಯೇ?" ಎಂದು ಕೇಳಿದಳು. ಅರ್ಥಶಾಸ್ತ್ರ ಕಲಿಸುವ ನನಗೆ ಬೇಡಿಕೆ ಪೂರೈಕೆಗಳ ರೇಖೆ ಎಳೆಯಲು ಬರುತ್ತದೆ. ಈ ಪ್ರಶ್ನೆಗೆ ಉತ್ತರ ಬರಲಿಲ್ಲ. "ನೋಡೋಣಮ್ಮ" ಎಂದು ಜಾರಿಕೊಂಡೆ. ಆ ಸಾಲವನ್ನು ಈ ಸಂಚಿಕೆಯಲ್ಲಿ ತೀರಿಸುವ ಯತ್ನ ಮಾಡಿದ್ದೇನೆ.

ರಜೆ ಬಂದಾಗ ನಾನೊಬ್ಬನೇ ಮತ್ತೆ ಮುಂಬಯಿಗೆ ಹೋದೆ. ಅಲ್ಲಿ ನನ್ನ ದೊಡ್ಡಪ್ಪನವರಿದ್ದಾರೆ. ಹನ್ನೆರಡನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಹೋಗಿ, ಕೋಟೆ ಪ್ರದೇಶದ ಉಡುಪಿ ಹೋಟೆಲೊಂದರಲ್ಲಿ ಲೋಟ ತೊಳೆಯಲು ನಿಂತವರು. ಹಗಲು ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದರು, ಮಾಣಿಯಾದರು, ಕೊನೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ನಿವೃತ್ತರಾದರು. ನಲವತ್ತು ವರ್ಷಕ್ಕೂ ಮಿಕ್ಕಿ ಪರರಿಗೆ ಬಡಿಸಿದ ಅವರು ಕಡಲೆದುರಿನ ಭೋಜನಶಾಲೆಯಲ್ಲಿ ಒಮ್ಮೆಯೂ ಕುಳಿತಿರಲಿಲ್ಲ. ಮರೀನ್ ಡ್ರೈವ್ ಬದಿಯ ಒಂದರಲ್ಲಿ ಇಬ್ಬರಿಗೆ ಮೇಜನ್ನು ಕಾದಿರಿಸಿದೆ. ಅದರ ಹೆಸರು ಇಲ್ಲಿ ಬೇಡ.

ಮೊದಲು ಒಂದು ಮಾತು. ನಮ್ಮ ಕನ್ನಡದಲ್ಲಿ 'ಹೋಟೆಲು' ಎಂದರೆ ತಿಂಡಿ ಕಾಫಿ ಸಿಗುವ ಜಾಗ. ಆದರೆ ಮೂಲದಲ್ಲಿ ಅದು ಪ್ರಯಾಣಿಕರು ತಂಗುವ ಮನೆ. ಬರಿಯ ಊಟದ ಜಾಗಕ್ಕೆ 'ರೆಸ್ಟೋರೆಂಟ್' ಎಂಬ ಹೆಸರು ಬಂದದ್ದು 18ನೆಯ ಶತಮಾನದ ಪ್ಯಾರಿಸಿನಲ್ಲಿ. ಬಳಲಿದವರನ್ನು ಚೇತರಿಸುವ ಮಾಂಸದ ಸಾರಿಗೆ ಅಲ್ಲಿ ಆ ಹೆಸರಿತ್ತು. ಸಾರಿನ ಹೆಸರು ಅಂಗಡಿಗೆ ಅಂಟಿಕೊಂಡಿತು. ಬಂದವರೆಲ್ಲ ಒಂದೇ ಉದ್ದ ಮೇಜಿನಲ್ಲಿ ಕುಳಿತು ಬಡಿಸಿದ್ದನ್ನು ಉಣ್ಣುವ ಬದಲು, ಬೇರೆ ಬೇರೆ ಮೇಜು, ಪಟ್ಟಿ ನೋಡಿ ಆರಿಸಿಕೊಳ್ಳುವುದು, ಪದಾರ್ಥಕ್ಕೊಂದು ಬೆಲೆ, ಇವು ಅಲ್ಲಿ ನೆಲೆಗೊಂಡ ಹೊಸತನಗಳು.

ಇಂಥ ಊಟದ ಮನೆಗಳು ಬಂದರಿನ ಪಟ್ಟಣಗಳಲ್ಲಿ ನೀರಿನ ಅಂಚಿಗೇ ಬಂದು ನಿಂತದ್ದಕ್ಕೆ ಕಾರಣ ಹಡಗು. ಸಿರಿವಂತ ಪ್ರಯಾಣಿಕ ಇಳಿಯುತ್ತಿದ್ದುದು ಅಲ್ಲಿಯೇ. ಜಮ್‌ಸೇಟ್‌ಜಿ ಟಾಟಾರವರ ತಾಜಮಹಲ್ ಹೋಟೆಲು ತೆರೆದದ್ದು 1903ನೆಯ ಇಸವಿಯ ಡಿಸೆಂಬರ್‌ನಲ್ಲಿ. ಐದನೆಯ ಜಾರ್ಜ್ ದೊರೆ 1911ರಲ್ಲಿ ಬಂದಿಳಿದುದರ ನೆನಪಿಗೆ ಕಟ್ಟಿದ ಗೇಟ್‌ವೇ ಪೂರ್ಣವಾದದ್ದು 1924ರಲ್ಲಿ. ಎಂದರೆ ನಾಡಿನ ಹೆಬ್ಬಾಗಿಲಿಗಿಂತ ಊಟದ ಮನೆಯೇ ಹಿರಿದು! ಈಗ ಹಡಗಿನಲ್ಲಿ ಬರುವವರಿಲ್ಲದಿದ್ದರೂ ಕಡಲು ಕಾಣುವ ಕಿಟಕಿಯ ಬೆಲೆ ಇಳಿದಿಲ್ಲ. ಮರೀನ್ ಡ್ರೈವ್ ಅಂತೂ ಕಡಲನ್ನು ತುಂಬಿಸಿ ಪಡೆದ ನೆಲ. ಹಿಂದೆ ನೀರು, ಮುಂದೆ ನೀರು ಎಂಬಷ್ಟು ಇಕ್ಕಟ್ಟಾದ ಆ ದಕ್ಷಿಣ ತುದಿಯಲ್ಲಿ ಒಂದು ಮೇಜು ಇಡುವಷ್ಟು ಜಾಗವೂ ಚಿನ್ನ.

ಒಳಗೆ ಬಿಡುತ್ತಾರೆಯೇ ಎಂಬ ಪ್ರಶ್ನೆಗೆ ಉತ್ತರ: ಬಿಡುತ್ತಾರೆ. ಮುಂದಾಗಿ ಫೋನು ಮಾಡಿ ಹೆಸರು, ಜನರ ಸಂಖ್ಯೆ, ಹೊತ್ತು ತಿಳಿಸಿದರೆ ಸಾಕು. ಚಪ್ಪಲಿ, ಚಡ್ಡಿಗಳಿಗೆ ಆಕ್ಷೇಪವುಂಟೆ ಎಂಬುದನ್ನು ಆಗಲೇ ಕೇಳಿಕೊಳ್ಳುವುದು ಲೇಸು. ದೊಡ್ಡ ಹೋಟೆಲುಗಳ ಬಾಗಿಲಲ್ಲಿ ಚೀಲವನ್ನು ಯಂತ್ರದಲ್ಲಿ ಹಾಯಿಸುವುದು, ಮೈ ಸವರಿ ನೋಡುವುದು ಉಂಟು. ಅದು ನಮ್ಮ ಬಡತನದ ಪರೀಕ್ಷೆಯಲ್ಲ. 2008ರ ನವೆಂಬರ್ 26ರ ದಾಳಿಯ ತರುವಾಯ ಬಿಗಿಯಾದ ಕಾವಲು. ತಾಜಿನ ಹಳೆಯ ಕಟ್ಟಡವೇ ಮರಳಿ ಪೂರ್ತಿ ತೆರೆದದ್ದು 2010ರ ಆಗಸ್ಟ್ 15ರಂದು.

ಇಷ್ಟು ತಿಳಿದಿದ್ದೂ ಬಾಗಿಲಲ್ಲಿ ನನ್ನ ಕಾಲು ತಡೆಯಿತು. "ಹೆದರುವುದೆಂಥದು ಮಾರಾಯ? ಒಳಗೆ ಇರುವವರು ನಮ್ಮವರೇ" ಎಂದು ದೊಡ್ಡಪ್ಪ ಮುಂದಾದರು. ಪರಿಚಾರಕ ಕುರ್ಚಿ ಎಳೆದುಕೊಟ್ಟಾಗ, ಕೂರುವುದಕ್ಕೆ ಮೊದಲು ಅವರು ಕುರ್ಚಿಯ ಕಾಲನ್ನು ಅಲುಗಾಡಿಸಿ ನೋಡಿದರು. ಹಳೆಯ ಅಭ್ಯಾಸ.

ಮೇಜಿನ ಮೇಲೆ ಶಸ್ತ್ರಾಗಾರವಿತ್ತು. ತಟ್ಟೆಯ ಎಡಕ್ಕೆ ಮುಳ್ಳುಚಮಚಗಳು, ಬಲಕ್ಕೆ ಚೂರಿ, ಚಮಚ. ಇದರ ಗುಟ್ಟು ಬಹಳ ಸರಳ. 19ನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ 'ರಷ್ಯನ್ ಪದ್ಧತಿ' ಎಂಬುದು ರೂಢಿಗೆ ಬಂತು: ಎಲ್ಲ ಭಕ್ಷ್ಯಗಳನ್ನೂ ಒಟ್ಟಿಗೆ ಹರಡದೆ ಒಂದಾದ ಮೇಲೊಂದು ತಂದುಕೊಡುವುದು. ಬರುವ ಪ್ರತಿಯೊಂದಕ್ಕೂ ಬೇರೆ ಚಮಚ. ಆದಕಾರಣ ತೀರಾ ಹೊರಗಿನದನ್ನು ಮೊದಲು ಹಿಡಿದು ಒಳಗೆ ಸಾಗಬೇಕು. ಅರವೆ ತೊಡೆಯ ಮೇಲೆ. ಊಟ ಮುಗಿದಾಗ ಚೂರಿ ಮುಳ್ಳುಗಳನ್ನು ತಟ್ಟೆಯಲ್ಲಿ ಜೋಡಿಯಾಗಿಟ್ಟರೆ 'ಸಾಕು' ಎಂದು ಅರ್ಥ. ಉಪ್ಪು, ಉಪ್ಪಿನಕಾಯಿ ಎಲ್ಲಿ, ಪಲ್ಯ ಎಲ್ಲಿ, ಪಾಯಸ ಯಾವಾಗ ಎಂದು ಬಾಳೆಲೆಯ ವ್ಯಾಕರಣವನ್ನು ಐದನೆಯ ವಯಸ್ಸಿಗೇ ಕಲಿತ ನಮಗೆ ಇದೇನು ಮಹಾ! ಪರದೇಶದವನು ಬಾಳೆಲೆಯ ಮುಂದೆ ಇನ್ನೂ ಹೆಚ್ಚು ತಬ್ಬಿಬ್ಬಾದಾನು. ಕೈಯಿಂದ ತಿಂದರೂ ಯಾರೂ ಓಡಿಸುವುದಿಲ್ಲ. ಏಡಿಯನ್ನು ಕೈಯಿಂದಲ್ಲದೆ ಬೇರೆ ರೀತಿಯಲ್ಲಿ ತಿನ್ನುವವನನ್ನು ನಾನಂತೂ ಕಾಣೆ.

ಪಟ್ಟಿ ಕೈಗೆ ಬಂತು. ಸಸ್ಯಾಹಾರದ ಹೋಟೆಲಿನಲ್ಲಿ ಆಯುಷ್ಯ ಸವೆಸಿದ ದೊಡ್ಡಪ್ಪ ಮೀನಿನ ಪರಮಭಕ್ತರು. 'ಸುರಮಯಿ' ಎಂದರೆ ನಮ್ಮ ಅಂಜಲ್, 'ಪಾಂಪ್ಲೆಟ್' ಎಂದರೆ ಮಾಂಜಿ, 'ಬಾಂಗಡಾ' ಎಂದರೆ ಬಂಗುಡೆ ಎಂದು ಅವರೇ ಅರ್ಥ ಹೇಳಿದರು. ಏಡಿ, ದೊಡ್ಡ ಸಿಗಡಿಗಳ ಮುಂದೆ ಬೆಲೆ ಇಲ್ಲದೆ 'ಗಾತ್ರಕ್ಕೆ ತಕ್ಕಂತೆ' ಎಂದಿತ್ತು. ಇಲ್ಲಿ ಜೋಕೆ: ತೂಕವೆಷ್ಟು, ದರವೆಷ್ಟು ಎಂದು ಮೊದಲೇ ಕೇಳಬೇಕು. ಕೇಳುವುದು ಕೀಳಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಮಳೆಗಾಲದಲ್ಲಿ 'ಇಂದಿನ ತಾಜಾ ಮೀನು' ಎಂದರೆ ಎಲ್ಲಿಯದೆಂದು ವಿಚಾರಿಸುವ ಹಕ್ಕೂ ನಮಗುಂಟು.

ಅದೇ ಪಟ್ಟಿಯಲ್ಲಿ 'ಗಸಿ'ಯೂ ಇತ್ತು, ನೀರುದೋಸೆಯೂ ಇತ್ತು. ನನಗೆ ಸೋಜಿಗವಾಯಿತು. ಮುಂಬಯಿಯ ಕಚೇರಿ ಗುಮಾಸ್ತರಿಗೂ ಒಂಟಿ ದುಡಿಮೆಗಾರರಿಗೂ ಮಧ್ಯಾಹ್ನದ ಊಟ ಹಾಕಲು ನಮ್ಮ ಕರಾವಳಿಯವರು ತೆರೆದ ಚಿಕ್ಕ ಖಾನಾವಳಿಗಳಿಂದ ಹೊರಟ ರುಚಿ ಅದು. ಕೋಟೆ ಪ್ರದೇಶದ 'ಮಹೇಶ್ ಲಂಚ್ ಹೋಮ್' ಈಗ ದೂರದವರು ಹುಡುಕಿಕೊಂಡು ಬರುವ ಮೀನೂಟದ ಮನೆ. ಹೆಸರಿನಲ್ಲಿ ಮಾತ್ರ ಆ ಹಳೆಯ 'ಲಂಚ್ ಹೋಮ್' ಉಳಿದುಕೊಂಡಿದೆ. ಸಸ್ಯಾಹಾರದ ಕಡೆಗೆ ಬಂದರೆ, 1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಬಾಳೆಲೆಯನ್ನು ಬಿಡದೆಯೇ ಹೆಸರು ಗಳಿಸಿತು. ಬಿಳಿ ಪಿಂಗಾಣಿಯ ನಡುವೆ ರುಮಾಲಿನಂತೆ ಮಡಚಿಟ್ಟ ಮೂರು ನೀರುದೋಸೆಗಳನ್ನು ಕಂಡು ದೊಡ್ಡಪ್ಪ, "ನಮ್ಮ ಅಮ್ಮ ಇದನ್ನು ಗೇರುಮರದ ಸೌದೆಯಲ್ಲಿ ಮಾಡುತ್ತಿದ್ದಳು" ಎಂದರು. ಮತ್ತೇನೂ ಹೇಳಲಿಲ್ಲ.

ಬೆಲೆ ಏಕಿಷ್ಟು? ನಾನು ಬಾಡಿಗೆ, ಸಂಬಳ, ಹವಾನಿಯಂತ್ರಣ ಎಂದು ಪಾಠ ತೆಗೆಯುವಷ್ಟರಲ್ಲಿ ದೊಡ್ಡಪ್ಪ ಒಂದೇ ಮಾತಿನಲ್ಲಿ ಮುಗಿಸಿದರು: "ನಮ್ಮಲ್ಲಿ ಮಧ್ಯಾಹ್ನ ಒಂದು ಕುರ್ಚಿಯ ಮೇಲೆ ಎಂಟು ಜನ ಎದ್ದು ಹೋಗುತ್ತಿದ್ದರು. ಇಲ್ಲಿ ಆ ಎಂಟು ಜನರ ದುಡ್ಡನ್ನು ಒಬ್ಬನೇ ಕೊಡಬೇಕಲ್ಲ!" ನಿಜವೇ. ಇಲ್ಲಿ ಒಂದು ಮೇಜು ಸಂಜೆಗೆ ಒಂದೆರಡು ಸಲ ತುಂಬಿದರೆ ಹೆಚ್ಚು. ನಾವು ಕೊಂಡುಕೊಳ್ಳುವುದು ಮೀನನ್ನಲ್ಲ, ಯಾರೂ ಎಬ್ಬಿಸದ ಎರಡು ಗಂಟೆಯನ್ನು. ನಮ್ಮ ವಿಭಾಗದ ಪಠ್ಯಪುಸ್ತಕದಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯವಿಲ್ಲ.

ಇನ್ನು ಬಿಲ್ಲಿನ ವಿಚಾರ. ನಮ್ಮ ಊಟದ ಬೆಲೆ 4,000 ರೂಪಾಯಿ. ಅದರ ಮೇಲೆ ನೂರಕ್ಕೆ 10ರಂತೆ ಸೇವಾ ಶುಲ್ಕ 400. ಎರಡೂ ಸೇರಿ 4,400ಕ್ಕೆ ನೂರಕ್ಕೆ 5ರಂತೆ ಜಿಎಸ್‌ಟಿ 220. ಒಟ್ಟು 4,620. ಕೋಣೆಯ ದಿನಬಾಡಿಗೆ 7,500 ರೂಪಾಯಿಯನ್ನು ಮೀರುವ ಹೋಟೆಲಿನೊಳಗಿನ ಭೋಜನಶಾಲೆಯಾದರೆ ತೆರಿಗೆ ನೂರಕ್ಕೆ 18. ಇದೇ ಊಟ 5,192 ಆಗುತ್ತಿತ್ತು. ನೀರಿನ ಬಾಟಲಿಗೆ ಮುದ್ರಿತ ಬೆಲೆಗಿಂತ ಹೆಚ್ಚು ಹಾಕಿದ್ದರೆ ಜಗಳಕ್ಕೆ ನಿಲ್ಲಬೇಡಿ. ಹೋಟೆಲುಗಳು ಹಾಗೆ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವೇ 2017ರಲ್ಲಿ ಹೇಳಿದೆ. ಬಾಟಲಿ ಬೇಡ, ಸಾದಾ ನೀರು ಕೊಡಿ ಎಂದು ಕೇಳಿದರಾಯಿತು.

ಆದರೆ ಸೇವಾ ಶುಲ್ಕದ ಮಾತು ಬೇರೆ. ಅದು ಸರ್ಕಾರದ ತೆರಿಗೆಯಲ್ಲ. ಗಿರಾಕಿಯ ಇಚ್ಛೆಗೆ ಬಿಟ್ಟದ್ದು; ಕೇಳದೆ ಬಿಲ್ಲಿಗೆ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿ ಹಿಡಿಯಿತು. ಇದೆಲ್ಲ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಅಕ್ಕಪಕ್ಕದ ಮೇಜಿನವರು ಏನೆಂದುಕೊಂಡಾರು ಎಂಬ ಭಯ. ಗ್ರಾಹಕರ ಹಕ್ಕುಗಳ ಬಗ್ಗೆ ವರ್ಷಕ್ಕೊಮ್ಮೆ ಭಾಷಣ ಮಾಡುವವನು ನಾನು!

ದೊಡ್ಡಪ್ಪ ಕನ್ನಡಕ ಏರಿಸಿ ಬಿಲ್ಲನ್ನು ಸಾಲುಸಾಲಾಗಿ ಓದಿದರು. ಪರಿಚಾರಕ ನಮ್ಮ ಕನ್ನಡ ಕೇಳಿ ಆಗಲೇ ಬೈಂದೂರಿನವನೆಂದು ಹೇಳಿಕೊಂಡಿದ್ದ. ಅವನನ್ನು ಹತ್ತಿರ ಕರೆದು, "ಈ ನಾನ್ನೂರು ನಿನ್ನ ಕೈಗೆ ಬರ್ತದಾ ಮಗಾ?" ಎಂದು ಮೆಲ್ಲಗೆ ಕೇಳಿದರು. ಹುಡುಗ ನಕ್ಕ, ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ಗಲ್ಲಾಪೆಟ್ಟಿಗೆಯ ಕಡೆ ಒಮ್ಮೆ ನೋಡಿದ. "ಹಾಗಾದರೆ ಇದನ್ನು ತೆಗೆಸಿಕೊಂಡು ಬಾ" ಎಂದರು. ತೆಗೆದರು. ಯಾರೂ ಮುಖ ಸಿಂಡರಿಸಲಿಲ್ಲ. ಹೊಸ ಬಿಲ್ಲು 4,200 ಆಯಿತು. ದೊಡ್ಡಪ್ಪ ನಾನ್ನೂರು ರೂಪಾಯಿಯನ್ನು ತಟ್ಟೆಯಲ್ಲಿಡದೆ ಹುಡುಗನ ಕೈಯನ್ನು ಹಿಡಿದು ಅದರಲ್ಲಿಟ್ಟರು. ಏಳುವ ಹೊತ್ತಿಗೆ ಅವರ ಕೈ ತಾನಾಗಿಯೇ ನಮ್ಮಿಬ್ಬರ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿತ್ತು. ಹುಡುಗ, "ಬಿಡಿ ಮಾವ, ನಾನು ತೆಗೀತೇನೆ" ಎಂದು ತಡೆದ.

ಸೇವಾ ಶುಲ್ಕ ಹೋದುದರಿಂದ ಅದರ ಮೇಲಿನ ತೆರಿಗೆ ಇಪ್ಪತ್ತು ರೂಪಾಯಿ ಉಳಿಯಿತು. ರಸ್ತೆ ದಾಟಿ, ಹುರಿದ ಶೇಂಗಾದ ಪೊಟ್ಟಣ ಕೊಂಡು, ಕಡಲ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು ತಿಂದೆವು.