ನಿಮಗಿದು ಗೊತ್ತೇ? ಮಡೊನ್ನಾ ಹಾಡಿದ್ದು ಮೈಸೂರು ಯೋಗಶಾಲೆಯ ಪ್ರಾರ್ಥನೆ!

● ಮಡೊನ್ನಾ ಅವರ ಏಳನೆಯ ಸ್ಟುಡಿಯೋ ಆಲ್ಬಂ 'ರೇ ಆಫ್ ಲೈಟ್' ಅಮೆರಿಕದಲ್ಲಿ ಬಿಡುಗಡೆಯಾದದ್ದು 1998ರ ಮಾರ್ಚ್‌ನಲ್ಲಿ. ಕುಣಿಸುವ ಹಾಡುಗಳ ಈ ಆಲ್ಬಂನಲ್ಲಿ ಒಂದು ಹಾಡು ಪೂರ್ತಿ ಸಂಸ್ಕೃತದಲ್ಲಿದೆ: 'ಶಾಂತಿ/ಅಷ್ಟಾಂಗಿ'.

● ಅದರ ಮೊದಲ ಸಾಲುಗಳು ಶಂಕರಾಚಾರ್ಯರ ಕೃತಿಯೆಂದು ಹೇಳಲಾಗುವ 'ಯೋಗತಾರಾವಳಿ'ಯವು. ಮೈಸೂರಿನ ಕೆ. ಪಟ್ಟಾಭಿ ಜೋಯಿಸರ ಶಾಲೆಯಲ್ಲಿ ಆಸನ ಶುರುಮಾಡುವ ಮುನ್ನ ಹೇಳುವ ಪ್ರಾರ್ಥನೆಯ ಆರಂಭವೂ ಅದೇ ಶ್ಲೋಕ.

● 1996ರಲ್ಲಿ ಮಗಳು ಹುಟ್ಟಿದ ಮೇಲೆ ಮಡೊನ್ನಾ, ಜೋಯಿಸರು ಕಲಿಸುತ್ತಿದ್ದ ಅಷ್ಟಾಂಗ ಯೋಗ ಹಿಡಿದರು. ಶ್ಲೋಕವನ್ನು ಇಂಗ್ಲಿಷಿಗೆ ತಂದವರಲ್ಲಿ ಒಬ್ಬರು ನ್ಯೂಯಾರ್ಕಿನ ಎಡ್ಡಿ ಸ್ಟರ್ನ್. ಅವರು ಜೋಯಿಸರ ಶಿಷ್ಯ.

● ಮಡೊನ್ನಾ ಅವರ ಉಚ್ಚಾರ ತಿದ್ದಿದ್ದು ಕಾಶಿಯ ವಿದ್ವಾಂಸ ವಾಗೀಶ ಶಾಸ್ತ್ರಿ, ಅದೂ ಫೋನಿನಲ್ಲಿ! ಆ ಪಾಠಕ್ಕೆ ಏರ್ಪಾಡು ಮಾಡಿದ್ದು ಬಿಬಿಸಿ.

● ಆಲ್ಬಂನ ಎಲೆಕ್ಟ್ರಾನಿಕ್ ನಾದದ ಹಿಂದಿದ್ದವರು ಇಂಗ್ಲೆಂಡಿನ ನಿರ್ಮಾಪಕ ವಿಲಿಯಂ ಆರ್ಬಿಟ್. ಶೀರ್ಷಿಕೆ ಗೀತೆಯ ಮೂಲ 1971ರ ಒಂದು ಇಂಗ್ಲಿಷ್ ಜನಪದ ಶೈಲಿಯ ಹಾಡು.

● ಅಮೆರಿಕದ ಪಟ್ಟಿಯಲ್ಲಿ ಆಲ್ಬಂ ಎರಡನೆಯ ಸ್ಥಾನಕ್ಕೇ ನಿಂತಿತು. ಮೊದಲ ಸ್ಥಾನ ಬಿಟ್ಟುಕೊಡದೆ ಕೂತಿದ್ದುದು 'ಟೈಟಾನಿಕ್' ಚಿತ್ರದ ಸಂಗೀತ. ಮರುವರ್ಷ ಮಾತ್ರ 4 ಗ್ರ್ಯಾಮಿ ಪ್ರಶಸ್ತಿಗಳು ಆಲ್ಬಂನ ಪಾಲಾದವು.

● ಜೋಯಿಸರು ಹುಟ್ಟಿದ್ದು 1915ರಲ್ಲಿ, ಹಾಸನದ ಹತ್ತಿರದ ಕೌಶಿಕ ಗ್ರಾಮದಲ್ಲಿ. ಹನ್ನೆರಡರ ಹುಡುಗನಾಗಿದ್ದಾಗ ಹಾಸನದಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗ ಪ್ರದರ್ಶನ ನೋಡಿ ಅವರ ಶಿಷ್ಯರಾದರು. ಮುಂದೆ ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ದಶಕಗಳ ಕಾಲ ಯೋಗ ಕಲಿಸಿದರು. 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮದೇ ಸಂಸ್ಥೆ ತೆರೆದರು. ಅಮೆರಿಕಕ್ಕೆ ಮೊದಲು ಹೋದದ್ದು 1975ರಲ್ಲಿ.

● ಗುರು ಕೃಷ್ಣಮಾಚಾರ್ಯರು ಚಿತ್ರದುರ್ಗ ಜಿಲ್ಲೆಯವರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ 'ಯೋಗ ಮಕರಂದ' 1934ರಲ್ಲಿ ಅಚ್ಚಾದದ್ದು ಕನ್ನಡದಲ್ಲಿ!

● ಜೋಯಿಸರ 'ಯೋಗಮಾಲಾ' ಕೂಡ ಕನ್ನಡದ ಪುಸ್ತಕವೇ. 1962ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಅನುವಾದ ಬಂದದ್ದು 1999ರಲ್ಲಿ, ಅಂದರೆ ಮಡೊನ್ನಾ ಹಾಡಿದ ಮರುವರ್ಷ. ಇಂಗ್ಲಿಷಿನವರು ಕಾದದ್ದು 37 ವರ್ಷ.

● 2000ದಲ್ಲಿ ತೆರೆಕಂಡ 'ದ ನೆಕ್ಸ್ಟ್ ಬೆಸ್ಟ್ ಥಿಂಗ್' ಚಿತ್ರದಲ್ಲಿ ಮಡೊನ್ನಾ ಅವರದು ಯೋಗ ಶಿಕ್ಷಕಿಯ ಪಾತ್ರ.

● ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಎಷ್ಟೋ ಮಂದಿಗೆ 'ಅಷ್ಟಾಂಗ' ಈಗ ವಿದೇಶದಿಂದ ಬಂದ ಫ್ಯಾಷನ್ನಿನಂತೆ ಕೇಳಿಸುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದವರಿಗೆ ಅದರ ತವರು ದೂರವೇನಲ್ಲ: ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ಬೆಳಗಿನ ತಿಂಡಿಯ ಹೊತ್ತಿಗೆ ಲಕ್ಷ್ಮೀಪುರಂ. ಬೆಳಿಗ್ಗೆ ಪಾರ್ಕಿನಲ್ಲಿ ಸೂರ್ಯನಮಸ್ಕಾರ ಮಾಡುವವರು 'ಯೋಗ ಮಕರಂದ', 'ಯೋಗಮಾಲಾ' ಎರಡನ್ನೂ ಹುಡುಕಿ ಕನ್ನಡದಲ್ಲೇ ಓದಿ. ಲೋಕವೆಲ್ಲ ಅನುವಾದದಲ್ಲಿ ಓದುವ ಈ ವಿದ್ಯೆಯನ್ನು ಮೂಲದಲ್ಲೇ ಓದುವ ಭಾಗ್ಯ ನಮ್ಮದು.