ಸಂಘಕ್ಕೂ ಸಂಬಂಧ ಹುಡುಕಿದಂತೆ ಹುಡುಕಬೇಕು

ಮಗಳಿಗೆ ಒಂದು ಸಂಬಂಧ ಬಂದರೆ ನಾವು ಎಷ್ಟು ವಿಚಾರಿಸುತ್ತೇವೆ! ಆಯನೂರಿನಿಂದ ಶಿವಮೊಗ್ಗದವರೆಗೆ, ಭದ್ರಾವತಿಯಲ್ಲಿ ನೆಂಟರಿದ್ದರೆ ಅಲ್ಲಿಯವರೆಗೂ ಕೇಳಿಸುತ್ತೇವೆ. ಆದರೆ ಊರಿನ ಸಂಘಕ್ಕೆ ಕಾರ್ಯದರ್ಶಿ ಬೇಕಾದಾಗ ಹತ್ತೇ ನಿಮಿಷ ಸಾಕು. "ನೀವೇ ಇರಿ" ಎಂದು ಒಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ.

ನಾನೂ ಸೇರಿದ್ದ ಒಂದು ಸಣ್ಣ ಸಂಘದಲ್ಲಿ ಹೀಗೆಯೇ ಆಯಿತು. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದೆವು. ಕಾರ್ಯದರ್ಶಿ ಸಜ್ಜನರು, ಆದರೆ ಅಂಗಡಿಯ ಕೆಲಸದಲ್ಲಿ ಅವರಿಗೆ ಬಿಡುವಿರಲಿಲ್ಲ. ಲೆಕ್ಕ ಬರೆಯುವುದು ತಪ್ಪಿತು, ಸಭೆ ನಿಂತಿತು, ಕೊನೆಗೆ ತರಗತಿಯೂ ಮುಚ್ಚಿತು. ಯಾರೂ ಒಂದು ರೂಪಾಯಿ ತಿನ್ನಲಿಲ್ಲ. ಆದರೂ ಅಮಾನತ್ ಹಾಳಾಯಿತು.

ದೊಡ್ಡ ನಗರಗಳಲ್ಲಿ ಇಂತಹ ಹುಡುಕಾಟವೇ ಒಂದು ಉದ್ಯೋಗ. 'ಎಕ್ಸಿಕ್ಯುಟಿವ್ ಸರ್ಚ್ ಕನ್ಸಲ್ಟೆಂಟ್' ಎಂದು ಅವರನ್ನು ಕರೆಯುತ್ತಾರೆ. ಸೇವಾ ಸಂಸ್ಥೆಗಳಿಗೂ ಸಂಘಗಳಿಗೂ ಮುಖ್ಯಸ್ಥರನ್ನು ಹುಡುಕಿಕೊಡುವುದರಲ್ಲೇ ಪಳಗಿದವರಿದ್ದಾರೆ. ಅವರು ಮೊದಲು ಕೇಳುವುದು ವ್ಯಕ್ತಿಯ ಹೆಸರನ್ನಲ್ಲ, 'ನಿಮ್ಮ ಸಂಸ್ಥೆಯಲ್ಲಿ ಆಗಬೇಕಾದ ಕೆಲಸವೇನು?' ಎಂದು. ಆಮೇಲೆ ಯೋಗ್ಯರ ಪಟ್ಟಿ ಮಾಡಿ, ಹಿಂದೆ ಅವರ ಜೊತೆ ದುಡಿದವರಲ್ಲಿ ಗುಟ್ಟಾಗಿ ವಿಚಾರಿಸುತ್ತಾರೆ. ನೇಮಕವಾದವರ ವರ್ಷದ ಸಂಬಳದ ಸುಮಾರು ಮೂರನೇ ಒಂದು ಭಾಗ ಈ ಉದ್ಯೋಗದಲ್ಲಿ ರೂಢಿಯ ಶುಲ್ಕ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡಿ. ಅಜೀಂ ಪ್ರೇಮ್‌ಜಿಯವರು ಸರಕಾರಿ ಶಾಲೆಗಳ ಶಿಕ್ಷಣಕ್ಕಾಗಿ ಬೆಂಗಳೂರಿನಲ್ಲಿ ಪ್ರತಿಷ್ಠಾನ ಕಟ್ಟಿದಾಗ ಅದರ ಮೊದಲ ಸಿಇಒ ಆದವರು ದಿಲೀಪ್ ರಾಂಜೇಕರ್. ವಿಪ್ರೋದಲ್ಲಿ ಜನರನ್ನು ಆರಿಸಿ ಬೆಳೆಸುವ ವಿಭಾಗದ ಮುಖ್ಯಸ್ಥರಾಗಿದ್ದವರು ಅವರು. ಮುಂದೆ ಆ ಹೊಣೆ ಅನುರಾಗ್ ಬೆಹರ್ ಅವರಿಗೆ ಬಂತು. ಬೆಹರ್ ಹೊರಗಿನಿಂದ ದಿಢೀರನೆ ಬಂದವರಲ್ಲ, ರಾಂಜೇಕರ್ ಜೊತೆಯಲ್ಲೇ ವರ್ಷಗಟ್ಟಲೆ ದುಡಿದವರು. ಕುರ್ಚಿ ಖಾಲಿಯಾಗುವ ಮೊದಲೇ ಮುಂದಿನವರನ್ನು ಸಿದ್ಧಪಡಿಸುವುದೆಂದರೆ ಇದೇ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಮಂದಿ ಸೇರಿದರೆ ಸಂಘ ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಸದಸ್ಯರ ಮಹಾಸಭೆ ನಡೆಸಬೇಕು, ಲೆಕ್ಕಪತ್ರವನ್ನೂ ಪದಾಧಿಕಾರಿಗಳ ಪಟ್ಟಿಯನ್ನೂ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ಆದರೆ ಯೋಗ್ಯರನ್ನು ಯಾವ ಕಾಯ್ದೆಯೂ ಹುಡುಕಿಕೊಡದು. ಅದು ನಮ್ಮದೇ ಕೆಲಸ.

ಸಹೋದರಿಯರೇ, ಕನ್ಸಲ್ಟೆಂಟರಿಗೆ ಕೊಡುವಷ್ಟು ಹಣ ನಮ್ಮಲ್ಲಿಲ್ಲ ನಿಜ. ಆದರೆ ಅವರ ದಾರಿ ಹಿಡಿಯಲು ಖರ್ಚೇನಿಲ್ಲ. ಆಗಬೇಕಾದ ಕೆಲಸವನ್ನು ಮೊದಲು ಕಾಗದದಲ್ಲಿ ಬರೆಯಿರಿ. ಮೂರು ಹೆಸರು ಯೋಚಿಸಿ. ಅವರೊಡನೆ ಕೆಲಸ ಮಾಡಿದವರನ್ನು ಎರಡು ಮಾತು ಕೇಳಿ: ಕೆಲಸ ಬಲ್ಲರೇ? ನಂಬಬಹುದೇ? ಆ ಮೂರರಲ್ಲಿ ಒಂದಾದರೂ ಹೆಣ್ಣಿನ ಹೆಸರಿರಲಿ. ತಿಂಗಳ ಸಂಬಳದಲ್ಲಿ ಮನೆ ತೂಗಿಸಿ, ಸ್ವಸಹಾಯ ಗುಂಪಿನ ಪುಸ್ತಕವನ್ನೂ ಪೈಸೆ ತಪ್ಪದೆ ಬರೆಯುವವಳಿಗೆ ಸಂಘದ ಲೆಕ್ಕ ಕಷ್ಟವಾದೀತೇ?

ನಮ್ಮ ಹೊಲಿಗೆ ತರಗತಿಯ ಹಿಂದಿನ ಬೀದಿಯಲ್ಲೇ ಬಿ.ಕಾಂ. ಓದಿದ ಸೊಸೆಯೊಬ್ಬಳಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ತರಗತಿ ಮುಚ್ಚಿದ ಮೇಲೆ ಅವಳೇ ಒಮ್ಮೆ ಹೇಳಿದಳು: "ಕೇಳಿದ್ದರೆ ಬರುತ್ತಿದ್ದೆ."