ಅಪ್ಪ ಯಾರೆಂದು ಹೇಳದ ಬೀಜ

ಅಂಗೈ ಮೇಲೆ ಸುರಿದುಕೊಂಡರೆ ಕೋನ್‌ಫ್ಲವರ್ ಬೀಜ ಇಲಿಯ ಹಲ್ಲು ಉದುರಿಬಿದ್ದಂತೆ ಕಾಣುತ್ತದೆ. ಮಾಸಲು ಬಿಳುಪು, ನಾಲ್ಕು ಏಣು, ಒಂದು ತುದಿ ಮೊನಚು, ಇನ್ನೊಂದು ತುದಿಯಲ್ಲಿ ಪುಟ್ಟ ಕಿರೀಟದಂಥ ಅಂಚು. ಉದ್ದ ನಾಲ್ಕೈದು ಮಿಲಿಮೀಟರ್. ಪೊಟ್ಟಣದ ಮೇಲಿನ ಚಿತ್ರದಲ್ಲಿ ಮಾತ್ರ ಹೋಳಿ ಹುಣ್ಣಿಮೆ: ಕೆಂಪು, ಕಿತ್ತಳೆ, ಹಳದಿ, ಗುಲಾಬಿ, ನೇರಳೆ, ಕೆನೆ, ಬಿಳಿ. ಯಾವ ಕಾಳಿನಲ್ಲಿ ಯಾವ ಬಣ್ಣ ಕೂತಿದೆಯೆಂಬುದು ಭೂತಗನ್ನಡಿ ಹಿಡಿದರೂ ಗೊತ್ತಾಗುವುದಿಲ್ಲ. ಹೂ ಅರಳಬೇಕು.

ಬಣ್ಣವಿರಲಿ, ಜಾತಿಯನ್ನೇ ತಪ್ಪು ತಿಳಿದು ಬೀಜ ಒಯ್ದವರಿದ್ದಾರೆ. 1930ರ ದಶಕದಲ್ಲಿ ಜರ್ಮನಿಯ ಔಷಧ ತಯಾರಕ ಗೆರ್ಹಾರ್ಡ್ ಮಡಾವ್ಸ್ ಕೋನ್‌ಫ್ಲವರ್ ಬೀಜ ಹುಡುಕಿಕೊಂಡು ಅಮೆರಿಕಕ್ಕೆ ಹೋದ. ಅವನಿಗೆ ಬೇಕಿದ್ದದ್ದು ಬಯಲು ಸೀಮೆಯ ಮೂಲನಿವಾಸಿಗಳು ಹಾವು ಕಡಿತಕ್ಕೂ ಹಲ್ಲುನೋವಿಗೂ ಬೇರು ಅಗಿಯುತ್ತಿದ್ದ ಎಕಿನೇಶಿಯಾ ಅಂಗುಸ್ಟಿಫೋಲಿಯಾ. ಕೊಂಡು ತಂದು ಬಿತ್ತಿದ್ದು ಹುಟ್ಟಿದಾಗ ಎಕಿನೇಶಿಯಾ ಪರ್ಪ್ಯೂರಿಯಾ ಎಂಬ ಇನ್ನೊಂದು ಜಾತಿ! ಬೆಳೆ ಬಂದಿದೆ, ಬಿಡುವುದೇಕೆ ಎಂದು ಅದರಿಂದಲೇ ಔಷಧ ಮಾಡಿದ. ಜರ್ಮನಿಯಲ್ಲಿ ಈ ಗಿಡದ ಬಗ್ಗೆ ನಡೆದ ಸಂಶೋಧನೆಯ ಬಹುಪಾಲು ಈ ಅಚಾತುರ್ಯದ ಮೇಲೆ ನಿಂತಿದೆ. ನಮ್ಮೂರ ಹೋಮಿಯೋಪಥಿ ಅಂಗಡಿಯ ಗಾಜಿನ ಬೀರುವಿನಲ್ಲೂ ‘ಎಕಿನೇಶಿಯಾ’ ಎಂಬ ಬಾಟಲಿ ಕಂಡೀತು. ನೆಗಡಿಗೆ ಇದರಿಂದ ಎಷ್ಟು ಗುಣ ಎಂದು 2014ರಲ್ಲಿ ಕಾಕ್ರೇನ್ ಸಮೀಕ್ಷೆ ಜಾಲಾಡಿದಾಗ ಸಿಕ್ಕ ಪುರಾವೆ ಮಾತ್ರ ತೀರಾ ತೆಳುವಾಗಿತ್ತು. ಗಿಡದ ನಿಜವಾದ ಸ್ವಾರಸ್ಯ ಬಾಟಲಿಯಲ್ಲಿಲ್ಲ, ಹೂವಿನಲ್ಲಿದೆ.

ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳ ಕುಟುಂಬಕ್ಕೆ ಸೇರಿದ ಇದರ ತವರು ಉತ್ತರ ಅಮೆರಿಕದ ಮಧ್ಯ ಮತ್ತು ಪೂರ್ವ ಭಾಗದ ಹುಲ್ಲುಗಾವಲು. ಲಿನಿಯಸ್ 1753ರಲ್ಲಿ ಇದನ್ನು ರುಡ್‌ಬೆಕಿಯಾ ಗುಂಪಿಗೆ ಸೇರಿಸಿದ್ದ. 1794ರಲ್ಲಿ ಕಾನ್ರಾಡ್ ಮೋಂಚ್ ಬೇರ್ಪಡಿಸಿ ಎಕಿನೇಶಿಯಾ ಎಂದು ಕರೆದ. ಮೈತುಂಬ ಮುಳ್ಳಿರುವ ಪ್ರಾಣಿಗೆ ಗ್ರೀಕರು ಹೇಳುತ್ತಿದ್ದ ‘ಎಕಿನೋಸ್’ ಈ ಹೆಸರಿನ ಮೂಲ. ಹೂವಿನ ನಡುವಿನ ಗೋಪುರದ ಮೇಲೆ ಬೆರಳಾಡಿಸಿದವರಿಗೆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಒಣಗಿದ ಗೋಪುರವಂತೂ ಚುಚ್ಚಿಯೇ ಚುಚ್ಚುತ್ತದೆ.

ಅರಳಿದ ಹೂವೊಂದನ್ನು ಹತ್ತಿರದಿಂದ ನೋಡಬೇಕು. ಸುತ್ತ ಜೋತುಬಿದ್ದಿರುವ ಬಣ್ಣದ ಎಸಳುಗಳಲ್ಲಿ ಒಂದೊಂದೂ ಒಂದೊಂದು ಹೂವೇ, ಆದರೆ ಬಂಜೆ ಹೂವು. ಜೇನ್ನೊಣವನ್ನು ಕೈಬೀಸಿ ಕರೆಯುವುದಷ್ಟೇ ಅದರ ಕೆಲಸ. ಬೀಜವಾಗುವುದು ನಡುವಿನ ಗೋಪುರದಲ್ಲಿ ಒತ್ತಾಗಿ ಕೂತ ನೂರಾರು ಕಿರುಹೂಗಳಲ್ಲಿ. ಪ್ರತಿ ಕಿರುಹೂವಿನ ಪಕ್ಕದಲ್ಲೂ ತುದಿ ಕಿತ್ತಳೆಯಾದ ಗಡುಸು ಮುಳ್ಳೊಂದು ಕಾವಲಿಗೆ ನಿಂತಿರುತ್ತದೆ. ಅಂಚಿನ ಸಾಲು ಮೊದಲು ಅರಳುತ್ತದೆ, ದಿನಕ್ಕೊಂದು ಸುತ್ತಿನಂತೆ ಶಿಖರದ ಕಡೆ ಏರುತ್ತದೆ. ಒಂದೊಂದು ಕಿರುಹೂವೂ ಮೊದಲ ದಿನ ಗಂಡು, ಆಗ ಪರಾಗವನ್ನು ಹೊರದೂಡುತ್ತದೆ. ಮರುದಿನ ಹೆಣ್ಣಾಗಿ ಕವಲೊಡೆದ ನಾಲಿಗೆಯಂಥ ಶಲಾಕೆಯನ್ನು ಚಾಚಿ ಕಾಯುತ್ತದೆ.

ಬಂದ ಪರಾಗವನ್ನೆಲ್ಲ ಅದು ಒಪ್ಪುವುದಿಲ್ಲ. ತನ್ನದೇ ಗಿಡದ ಪರಾಗವಾದರೆ ಸಾಮಾನ್ಯವಾಗಿ ಬಾಗಿಲು ಹಾಕಿಬಿಡುತ್ತದೆ. ಹೊಂದುವ ಹೊರಗಿನ ಪರಾಗ ಬಿದ್ದರೆ ಶಲಾಕೆ ಒಂದು ದಿನದೊಳಗೆ ಮುದುಡುತ್ತದೆ. ಬೀಳದಿದ್ದರೆ ದಿನಗಟ್ಟಲೆ ಹಾಗೇ ಚಾಚಿಕೊಂಡಿರುತ್ತದೆ. ಅದು ಮುದುಡಿದೆಯೋ ಇಲ್ಲವೋ ಎಂದು ನೋಡಿಯೇ ಗಿಡಕ್ಕೆ ಜೊತೆ ಸಿಕ್ಕಿತೇ ಎಂದು ಹೇಳಬಹುದು. ಸಿಗದಿದ್ದರೂ ಬೀಜದ ಸಿಪ್ಪೆ ಮಾತ್ರ ಬೆಳೆಯುತ್ತದೆ, ಒಳಗೆ ಬರೀ ಜೊಳ್ಳು. ಒಂಟಿ ಗಿಡದಿಂದ ಮುಷ್ಟಿ ಬೀಜ ಕೂಡಿಟ್ಟು ಬಿತ್ತಿ, ಏನೂ ಮೊಳೆಯದೆ ಮಣ್ಣನ್ನು ಬೈಯುವ ತೋಟಗಾರರು ಇದನ್ನು ಗಮನಿಸಿರುವುದಿಲ್ಲ.

ಜೊಳ್ಳಿನ ಲೆಕ್ಕವನ್ನೇ ಹಿಡಿದು ಕೂತ ವಿಜ್ಞಾನಿಗಳಿದ್ದಾರೆ. ಮಿನ್ನೆಸೋಟ ರಾಜ್ಯದ ಪಶ್ಚಿಮ ಭಾಗದಲ್ಲಿ ಸ್ಟೂವರ್ಟ್ ವಾಗೇನಿಯಸ್ ಮತ್ತು ಸಂಗಡಿಗರು 1990ರ ದಶಕದಿಂದ ಕಾಡು ಕೋನ್‌ಫ್ಲವರ್‌ಗಳನ್ನು ಒಂದೊಂದಾಗಿ ಗುರುತಿಟ್ಟು ಹಿಂಬಾಲಿಸುತ್ತಿದ್ದಾರೆ. ಜೋಳ, ಸೋಯಾ ಹೊಲಗಳ ನಡುವೆ ಉಳಿದ ಹುಲ್ಲುಗಾವಲಿನ ತುಂಡುಗಳಲ್ಲಿ ಗಿಡಗಳು ಅಲ್ಲೊಂದು ಇಲ್ಲೊಂದು ನಿಂತಿವೆ. ಕಾಳು ಗಟ್ಟಿಯೋ ಜೊಳ್ಳೋ ಎಂದು ತಿಳಿಯಲು ಬೀಜಗಳಿಗೆ ಎಕ್ಸ್-ರೇ ತೆಗೆಯುತ್ತಾರೆ. ಈ ತಂಡ 2020ರಲ್ಲಿ ಪ್ರಕಟಿಸಿದ ಸಂಗತಿ ಚೆನ್ನಾಗಿದೆ: ಹುಲ್ಲಿಗೆ ಬೆಂಕಿ ಬಿದ್ದ ನಂತರದ ಬೇಸಿಗೆಯಲ್ಲಿ ಹೆಚ್ಚು ಗಿಡಗಳು ಒಟ್ಟಿಗೇ ಹೂ ಬಿಡುತ್ತವೆ. ನೆರೆಯಲ್ಲಿ ಹೂಬಿಟ್ಟ ಗಿಡ ಸಿಗುವುದರಿಂದ ಜೊಳ್ಳು ಕಡಿಮೆಯಾಗಿ ಕಾಳು ಹೆಚ್ಚುತ್ತದೆ.

ಇನ್ನು ಬಣ್ಣ. ಕಾಡಿನ ಕೋನ್‌ಫ್ಲವರ್‌ಗಳು ಬಹುಮಟ್ಟಿಗೆ ನೇರಳೆ ಅಥವಾ ಗುಲಾಬಿ, ಆಂಥೊಸಯನಿನ್ ಎಂಬ ವರ್ಣದ್ರವ್ಯದ ಕೃಪೆ. ಮಿಸೌರಿ, ಅರ್ಕಾನ್ಸಾಗಳ ಓಝಾರ್ಕ್ ಬೆಟ್ಟಗಳಲ್ಲಿ ಮಾತ್ರ ಕುಲಕ್ಕೆ ವಿರುದ್ಧವಾಗಿ ಹಳದಿ ಹೂ ಬಿಡುವ ಜಾತಿಯೊಂದಿದೆ. ಸಸ್ಯಶಾಸ್ತ್ರಜ್ಞರು ತಬ್ಬಿಬ್ಬಾಗಿ ಅದಕ್ಕೆ ‘ಪ್ಯಾರಡಾಕ್ಸಾ’ ಎಂದು ಹೆಸರಿಟ್ಟರು. ಅದರ ಹಳದಿಗೆ ಕಾರಣ ಕ್ಯಾರಟಿನಾಯ್ಡ್‌ಗಳು. ಶಿಕಾಗೊ ಬೊಟಾನಿಕ್ ಗಾರ್ಡನ್‌ನಲ್ಲಿ ಜಿಮ್ ಆಲ್ಟ್ ಈ ಹಳದಿಗೂ ತೋಟದ ನೇರಳೆಗೂ ನಂಟು ಬೆಳೆಸಿದರು. ಎರಡೂ ವರ್ಣದ್ರವ್ಯ ಒಂದೇ ಎಸಳಿನಲ್ಲಿ ಸೇರಿ, ಈ ಶತಮಾನದ ಆರಂಭದಲ್ಲಿ ‘ಆರೆಂಜ್ ಮೆಡೋಬ್ರೈಟ್’ ಎಂಬ ಕಿತ್ತಳೆ ಹೂ ಮಾರುಕಟ್ಟೆಗೆ ಬಂತು. ಹೆಚ್ಚೂಕಡಿಮೆ ಅದೇ ಕಾಲಕ್ಕೆ ಜಾರ್ಜಿಯಾದ ರಿಚರ್ಡ್ ಸಾಲ್ ‘ಸನ್‌ರೈಸ್’, ‘ಸನ್‌ಸೆಟ್’ ಮುಂತಾದ ತಳಿಗಳನ್ನು ತಂದರು.

ಇವೆಲ್ಲ ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಅಂಗಾಂಶ ಕೃಷಿಯಿಂದ ಹೆಚ್ಚಿಸಿದ ಗಿಡಗಳು. ಕೊಂಡವರು ಬೀಜ ಕೂಡಿಟ್ಟು ಬಿತ್ತಿದರೆ ಕಿತ್ತಳೆಯ ಮಗಳು ಕಿತ್ತಳೆಯಾಗುವ ಭರವಸೆಯಿಲ್ಲ. ತಾಯಿಯದೇ ಮಿಶ್ರ ಸಂತಾನ. ತಂದೆ ಬೇಲಿಯಾಚೆಯ ಯಾವ ಗಿಡವೋ, ಜೇನ್ನೊಣಕ್ಕೆ ಗೊತ್ತು. ಪಕ್ಕದಲ್ಲಿ ನೇರಳೆ ಗಿಡಗಳಿದ್ದರೆ ಮಕ್ಕಳು ಗುಲಾಬಿ, ನೇರಳೆಗಳ ಕಡೆ ವಾಲುವುದೇ ಹೆಚ್ಚು. ಹೀಗಿರುವಾಗ ಬೀಜದಿಂದಲೇ ಬಣ್ಣಬಣ್ಣದ ಹೂ ಕೊಡುವ ‘ಶಯೆನ್ ಸ್ಪಿರಿಟ್’ 2013ರಲ್ಲಿ ಆಲ್-ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿ ಗೆದ್ದದ್ದು ಸಣ್ಣ ಮಾತಲ್ಲ. ಅದನ್ನು ಮಾಡಿದವರು ಲಾಟರಿಯನ್ನು ನಿಲ್ಲಿಸಲು ಹೋಗಲಿಲ್ಲ, ಮಿಶ್ರಣವನ್ನೇ ಮಾಲಾಗಿ ಮಾರಿದರು. ಹತ್ತು ಸಸಿ ನೆಟ್ಟವರಿಗೆ ನಾಲ್ಕೈದು ಬಣ್ಣವಾದರೂ ಸಿಗಬಹುದು. ಕೆಂಪೇ ಬೇಕೆಂದು ಹಟ ಹಿಡಿದವರು ಮಾತ್ರ ಸಸಿ ಕೊಳ್ಳುವುದೇ ವಾಸಿ.

ಬಿತ್ತುವ ಕೆಲಸ ಸುಲಭ, ಕಾಯುವುದು ಕಷ್ಟ. ಹುಲ್ಲುಗಾವಲಿನಲ್ಲಿ ಬೀಜ ಉದುರುವುದು ಚಳಿಗಾಲದ ಹೊಸ್ತಿಲಲ್ಲಿ. ನಾಲ್ಕು ದಿನ ಬಿಸಿಲು ಕಾದಿತೆಂದು ಮೊಳೆತರೆ ಮುಂದಿನ ಹಿಮಕ್ಕೆ ಸಸಿ ಸುಟ್ಟುಹೋದೀತು. ಆದ್ದರಿಂದ ಕಾಡು ಜಾತಿಗಳ ಬೀಜ ಒದ್ದೆಯಾದ ಚಳಿಯನ್ನು ಇಷ್ಟು ವಾರ ಎಂದು ಅನುಭವಿಸಿಯೇ ಏಳುತ್ತದೆ. ತೋಟದಲ್ಲಿ ಪಳಗಿದ ಪರ್ಪ್ಯೂರಿಯಾಗೆ ಈ ಹಟ ಕಡಿಮೆ. 18ರಿಂದ 21 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 10ರಿಂದ 20 ದಿನಕ್ಕೆ ಮೊಳೆಯುತ್ತದೆ. ನಾಲ್ಕು ವಾರ ತಂಪಿನಲ್ಲಿಟ್ಟರೆ ಇನ್ನೂ ಒಟ್ಟಾಗಿ ಏಳುತ್ತದೆ. ಹಳದಿ ಪ್ಯಾರಡಾಕ್ಸಾಗೆ ಎರಡು ಮೂರು ತಿಂಗಳ ಚಳಿ ಬೇಕು. ಹೀಗಾಗಿ ಶಿಕಾಗೊ ಕಡೆಯ ಕನ್ನಡಿಗರ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಒದ್ದೆ ಕಾಗದದಲ್ಲಿ ಸುತ್ತಿದ ಬೀಜದ ಡಬ್ಬಿಯೂ ಕೂತಿದ್ದರೆ ಬಿಸಾಡಬಾರದು.

ಫ್ರಿಜ್ಜಿನ ತಂಟೆ ಬೇಡವೆನ್ನುವವರು ಅಮೆರಿಕದಲ್ಲಿ ಹಾಲಿನ ಖಾಲಿ ಕ್ಯಾನುಗಳನ್ನು ಬಳಸುತ್ತಾರೆ. ಪ್ಲಾಸ್ಟಿಕ್ ಕ್ಯಾನನ್ನು ಸೊಂಟದಲ್ಲಿ ಕೊಯ್ದು, ಅಡಿಗೆ ತೂತು ಹೊಡೆದು, ನಾಲ್ಕು ಬೆರಳು ಮಣ್ಣು ತುಂಬಿ, ಬೀಜ ಉದುರಿಸಿ, ಮುಚ್ಚಳ ತೆಗೆದಿಟ್ಟು, ಜನವರಿಯಲ್ಲಿ ಅಂಗಳದ ಹಿಮದಲ್ಲೇ ಬಿಟ್ಟುಬಿಡುತ್ತಾರೆ. ಬೀಜಕ್ಕೆ ಮಣ್ಣಿನ ಹೊದಿಕೆ ತೀರಾ ತೆಳುವಾಗಿರಬೇಕು, ಎರಡು ಮೂರು ಮಿಲಿಮೀಟರ್ ಸಾಕು. ಬೆಳಕು ತಾಗಿದರೆ ಒಳ್ಳೆಯದೇ. ವಸಂತದಲ್ಲಿ ದುಂಡು ಬೀಜದೆಲೆಗಳ ನಡುವಿನಿಂದ ಉಪ್ಪುಕಾಗದದಂಥ ಒರಟು ಎಲೆ ಏಳುತ್ತದೆ. ಶಯೆನ್ ಸ್ಪಿರಿಟ್ ಬೇಗ ಬಿತ್ತಿದರೆ ಅದೇ ವರ್ಷ ಹೂ ಬಿಡುತ್ತದೆ. ಕಾಡು ಜಾತಿಗಳು ಮೊದಲ ವರ್ಷ ನೆಲಕ್ಕಂಟಿ ಎಲೆ ಹರಡಿ, ಬೇರಿಗೆ ಗಂಟು ಕಟ್ಟುತ್ತವೆ. ಪ್ಯಾರಡಾಕ್ಸಾ, ಅಂಗುಸ್ಟಿಫೋಲಿಯಾಗಳದು ಆಳಕ್ಕಿಳಿಯುವ ತಾಯಿಬೇರು, ಬಲಿತ ಮೇಲೆ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತವೆ.

ಒಂದು ಕಾಟದ ಮಾತು. ಹೂವಿನ ಗೋಪುರದಿಂದ ಹಸಿರು ಎಲೆಯಂಥ ಕೊಂಬು ಹೊರಟಿತೆಂದರೆ ಅದು ಹೊಸ ಬಣ್ಣವಲ್ಲ, ಆಸ್ಟರ್ ಯೆಲ್ಲೋಸ್ ರೋಗ. ಜಿಗಿಹುಳು ಹೊತ್ತು ತರುವ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುತ್ತದೆ. ನಮ್ಮ ಬದನೆಗೆ ಬರುವ ಸಣ್ಣೆಲೆ ರೋಗದ ದಾಯಾದಿ. ಮದ್ದಿಲ್ಲ, ಬುಡಸಮೇತ ಕಿತ್ತೆಸೆಯಬೇಕು.

ಹೂ ಬಾಡಿ ಗೋಪುರ ಕಪ್ಪಾದಾಗ ಬೀಜ ಮಾಗಿರುತ್ತದೆ. ಕೈಗವಸು ಹಾಕಿಕೊಂಡು ಉಜ್ಜಿದರೆ ಮುಳ್ಳಿನ ಹೊಟ್ಟಿನ ಜೊತೆ ಕಾಳು ಉದುರುತ್ತದೆ. ಆದರೆ ಆ ಹೊತ್ತಿಗೆ ಗೋಲ್ಡ್‌ಫಿಂಚ್ ಎಂಬ ಪುಟ್ಟ ಹಳದಿ ಹಕ್ಕಿಗಳು ಸರತಿಯಲ್ಲಿ ಮುಂದೆ ನಿಂತಿರುತ್ತವೆ. ಗೋಪುರದ ಮೇಲೆ ಕೂತು, ತಲೆ ಬಗ್ಗಿಸಿ, ಕಾಳು ಎಳೆದು, ಸಿಪ್ಪೆ ಬಿಡಿಸಿ ತಿನ್ನುತ್ತವೆ. ತಿನ್ನುವಾಗ ಒಂದಷ್ಟು ಕೆಳಗೆ ಬೀಳುತ್ತದೆ. ಮುಂದಿನ ವಸಂತದಲ್ಲಿ ಕಾಲುದಾರಿಯ ಇಟ್ಟಿಗೆ ಸಂದಿಯಲ್ಲಿ, ಯಾರೂ ಬಿತ್ತದ ಕಡೆ, ಆ ಒರಟು ಎಲೆ ಕಾಣಿಸಿಕೊಳ್ಳುತ್ತದೆ. ಕಳೆ ಕೀಳುವವರ ಕೈ ಅಲ್ಲಿ ಒಂದು ಗಳಿಗೆ ತಡೆಯುತ್ತದೆ. ಅದರ ಬಣ್ಣ ತಿಳಿಯಲು ಮುಂದಿನ ವರ್ಷದ ಜುಲೈ ಬರಬೇಕು.